1978ರ ಪ್ರೀಮಿಯರ್ ಪದ್ಮಿನಿ: ಫ್ಲೋರ್, ಸಿಲ್ ಎಲ್ಲ ತುಕ್ಕು. ಕೆಲಸ ಎಲ್ಲಿಂದ ಶುರು ಮಾಡಬೇಕು?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಬನಶಂಕರಿ ಕಡೆ ಹೊಂಗೆ ಮರದ ಕೆಳಗೆ ವರ್ಷಗಟ್ಟಲೆ ನಿಂತಿದ್ದ ಗಾಡಿ. ಈಗಿನ ಸ್ಥಿತಿ ಬರೆಯುತ್ತೇನೆ.

ಡ್ರೈವರ್ ಕಾಲಿಡುವ ಜಾಗದ ಫ್ಲೋರ್‌ನಲ್ಲಿ ಅಂಗೈ ಅಗಲದ ತೂತು. ಎಡಗಡೆ ಸಿಲ್ (ಬಾಗಿಲ ಕೆಳಗಿನ ಉದ್ದನೆಯ ಟೊಳ್ಳು ತಗಡು) ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಬಲಗಡೆಯದು ನೋಡೋಕೆ ಚೆನ್ನಾಗಿದೆ. ನಾಲ್ಕೂ ಬಾಗಿಲಿನ ಕೆಳ ಅಂಚು ಉಬ್ಬಿದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ ಜರಡಿಯಾಗಿದೆ. ಬ್ಯಾಟರಿ ಟ್ರೇ ಇಲ್ಲವೇ ಇಲ್ಲ. ಎಂಜಿನ್ ತಿರುಗುತ್ತಿಲ್ಲ.

ಮನೆ ಮುಂದೆ 12 ಅಡಿಗೆ 20 ಅಡಿ ಶೆಡ್ ಇದೆ. ಶನಿವಾರ, ಭಾನುವಾರ ಮಾತ್ರ ಕೆಲಸ. ಮೊದಲು ಬಣ್ಣ ಪೂರ್ತಿ ತೆಗೆಯಬೇಕಾ? ಇಡೀ ಬಾಡಿ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕೊಡಬೇಕಾ? ಗ್ಯಾಸ್ ವೆಲ್ಡಿಂಗಾ, ಮಿಗ್ ವೆಲ್ಡಿಂಗಾ (ಗನ್ನಿನಿಂದ ವೈರ್ ತಾನಾಗಿ ಬರುವ ವಿದ್ಯುತ್ ವೆಲ್ಡಿಂಗ್)?

ತಗಡುಸುತ್ತಿಗೆ

ಸರ್, ಗ್ರೈಂಡರ್ ಇನ್ನೂ ಕೈಗೆ ತಗೋಬೇಡಿ. ಪೈಪ್ ತಗೊಳ್ಳಿ, ನೀರಿನ ಪೈಪು.

ಗಾಡಿ ಬಿಚ್ಚುವ ಮುಂಚೆ, ಗಾಜು, ರಬ್ಬರ್ ಎಲ್ಲ ಇದ್ದ ಹಾಗೇ ಇರುವಾಗ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು. ಹೊರಗಿಂದ ಇನ್ನೊಬ್ಬರು ಮುಂದಿನ ಗಾಜಿನ ಕೆಳಗಿನ ಮೂಲೆಗೆ ಹತ್ತು ನಿಮಿಷ ನೀರು ಬಿಡಬೇಕು. ಆಮೇಲೆ ಗಾಜಿನ ಮುಂದಿರುವ ಗಾಳಿ ಜಾಲರಿಗೆ, ಆಮೇಲೆ ಒಂದೊಂದೇ ಬಾಗಿಲ ಗಾಜಿನ ಬೀಡಿಂಗಿಗೆ, ಕೊನೆಗೆ ಡಿಕ್ಕಿ ರಬ್ಬರಿಗೆ. ನೀರು ಎಲ್ಲಿ ಒಳಗೆ ಬಂತು, ಎಲ್ಲಿ ಹರಿದು ಹೋಗಿ ನಿಂತಿತು ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಫೋಟೋ ತೆಗೆದಿಡಿ. ಬೆಂಗಳೂರಿನಲ್ಲಿ ಸಮುದ್ರದ ಉಪ್ಪುಗಾಳಿ ಇಲ್ಲ. ಇಲ್ಲಿ ಗಾಡಿ ಕೊಳೆಯುವುದು ಒಳಗೆ ನಿಂತ ನೀರಿನಿಂದ. ಹೊಂಗೆ ಎಲೆ, ಹೂವು ಜಾಲರಿಯೊಳಗೆ ಬಿದ್ದು ನೀರು ಇಳಿಯುವ ದಾರಿ ಕಟ್ಟಿಕೊಂಡಿರುತ್ತೆ. ಆ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಮ್ಯಾಟ್ ಕೆಳಗಿನ ಫೆಲ್ಟಿಗೆ ಸೇರುತ್ತೆ. ಫೆಲ್ಟ್ ಒದ್ದೆ ಗೋಣಿಚೀಲದ ಹಾಗೆ ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತೆ. ನಿಮ್ಮ ಫ್ಲೋರ್ ಕೆಳಗಿಂದ ಅಲ್ಲ, ಮೇಲಿಂದ ತಿಂದಿರೋದು. ದಾರಿ ಮುಚ್ಚದೆ ಹೊಸ ತಗಡು ಹಾಕಿದರೆ ಅದೂ ಅದೇ ಜಾಗದಲ್ಲಿ ಹೋಗುತ್ತೆ.

ಇನ್ನು ತಪಾಸಣೆ. ಸಣ್ಣ ಸುತ್ತಿಗೆಯ ಚೂಪು ತುದಿಯಿಂದ ಎರಡು ಬೆರಳಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು "ಟಣ್" ಅನ್ನುತ್ತೆ. ತುಕ್ಕು ಹಿಡಿದದ್ದು ಒದ್ದೆ ಮಡಕೆ ತಟ್ಟಿದ ಹಾಗೆ "ದಬ್" ಅನ್ನುತ್ತೆ. ಒಂದು ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಸರಿಸಿ. ಎಲ್ಲಿ ಹಿಡಿತ ಸಡಿಲ ಆಗುತ್ತೋ ಅಲ್ಲಿ ಪುಟ್ಟಿ ದಪ್ಪ ಇದೆ. ಬಲಗಡೆ ಸಿಲ್ ಚೆನ್ನಾಗಿದೆ ಅಂದಿರಲ್ಲ, ಅದರ ಮೇಲೆ ಮೊದಲು ಸರಿಸಿ. ಹಳೇ ಗಾಡಿಯಲ್ಲಿ ಒಂದು ಸಿಲ್ ಪೂರ್ತಿ ಹೋಗಿ ಇನ್ನೊಂದು ಹೊಳೀತಾ ಇದ್ದರೆ, ಹೊಳೆಯೋದು ಪುಟ್ಟಿ ಆಗಿರೋ ಸಾಧ್ಯತೆ ಹೆಚ್ಚು.

ಬಣ್ಣ ಈಗಲೇ ತೆಗೀಬೇಡಿ. ವೆಲ್ಡಿಂಗ್ ಮುಗಿಯೋವರೆಗೆ ಗಟ್ಟಿ ಇರೋ ತಗಡಿನ ಮೇಲೆ ಹಳೇ ಬಣ್ಣ ಇರಲಿ, ಅದೇ ರಕ್ಷಣೆ.

ಮಿಗ್‌ಮೇಷ್ಟ್ರು

ಮೇಲಿನವರು ಹೇಳಿದ್ದಕ್ಕೆ ಮುಂದುವರಿಕೆ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಕೆಳಗೆ ಪ್ರತ್ಯೇಕ ಚಾಸಿ ಇದೆ, ಬಾಡಿ ಎತ್ತಿ ಬದಿಗಿಟ್ಟು ಕೆಲಸ ಮಾಡಬಹುದು. ಇಲ್ಲಿ ಹಾಗಲ್ಲ. ಸಿಲ್ ಅನ್ನೋದು ಮನೆಯ ತೊಲೆ ಇದ್ದ ಹಾಗೆ. ತೊಲೆ ತೆಗೆಯುವ ಮುಂಚೆ ಆಸರೆ ಕೊಡಬೇಕು. ಇದನ್ನು ಬಿಟ್ಟರೆ ಗಾಡಿ ನಡು ಬಗ್ಗುತ್ತದೆ, ಆ ಭಂಗಿಯಲ್ಲೇ ನೀವು ವೆಲ್ಡ್ ಮಾಡಿಬಿಡುತ್ತೀರಿ, ಆಮೇಲೆ ಬಾಗಿಲು ಜನ್ಮದಲ್ಲಿ ಕೂರುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ಎಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್, ಸೀಟು, ವೈರಿಂಗ್, ಫೆಲ್ಟ್, ಡಾಂಬರು ಶೀಟು ಎಲ್ಲ ಹೊರಗೆ. ಟ್ಯಾಂಕ್ ತೆಗೆದು ಅದೇ ಶೆಡ್ಡಿನ ಮೂಲೆಯಲ್ಲಿ ಇಡಬೇಡಿ, ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಬಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸ್ಟ್ಯಾಂಡ್ ಬರಬೇಕಾದ್ದು ಸಸ್ಪೆನ್ಷನ್ ಭಾರ ಬೀಳುವ ಜಾಗದಲ್ಲಿ, ಅಂದರೆ ಮುಂದಿನ ಅಡ್ಡತೊಲೆಯ ಬುಡದಲ್ಲಿ, ಹಿಂದೆ ಪಟ್ಟಾ ಸ್ಪ್ರಿಂಗಿನ ಹಿಡಿಕೆಗಳ ಹತ್ತಿರ. ಸಿಲ್ ಕೆಳಗೆ ಕೊಡಬೇಡಿ. ನೆಲ ಓರೆ ಇದ್ದರೆ ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ, ಗಾರೆ ಕೆಲಸದವರು ಮಟ್ಟ ನೋಡುವ ಹಾಗೆ, ನಾಲ್ಕೂ ಮೂಲೆ ಸಮ ಮಾಡಿ.

ಈಗ ಬಾಗಿಲು ಹಾಕಿ ಸುತ್ತಲಿನ ಸಂದು ಅಳೆದು ಬರೆದಿಡಿ. ಬಾಗಿಲು ತೆಗೆದ ಮೇಲೆ ಪ್ರತಿ ಬಾಗಿಲ ತೆರಪಿನ ಎರಡೂ ಕರ್ಣ ಅಳೆಯಿರಿ. ಎಡ, ಬಲ ಹೋಲಿಸಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಈಗಾಗಲೇ ಇಳಿದಿದೆ ಎಂದರ್ಥ, ಜ್ಯಾಕ್ ಕೊಟ್ಟು ನಿಧಾನವಾಗಿ ಎತ್ತಿ ಸಮ ಮಾಡಿಕೊಂಡೇ ಮುಂದಿನ ಹೆಜ್ಜೆ. 25 ಮಿ.ಮೀ. ಚೌಕ ಪೈಪನ್ನು ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ ಅಡ್ಡ ಒಂದು, ಓರೆ ಒಂದು ಟ್ಯಾಕ್ ಮಾಡಿ, ಅಂದರೆ ಚುಕ್ಕಿ ಬೆಸುಗೆಯಲ್ಲಿ ಹಿಡಿಸಿ. ಎಡದಿಂದ ಬಲಕ್ಕೂ ಒಂದು ಹೋಗಲಿ. ಪೈಪ್ ಸಿಲ್‌ಗೆ ತಾಗಬಾರದು, ಯಾಕೆಂದರೆ ಸಿಲ್ ಕತ್ತರಿಸುವವರಿದ್ದೀರಿ.

ಒಂದು ಸಮಯಕ್ಕೆ ಒಂದೇ ಬದಿ. ಎಡ ಸಿಲ್ ಪೂರ್ತಿ ಮುಗಿದು, ಬಾಗಿಲು ಹಾಕಿ ನೋಡಿ, ಸಂದು ಸರಿ ಇದ್ದ ಮೇಲೆ ಮಾತ್ರ ಬಲಕ್ಕೆ ಕೈ ಹಾಕಿ. ಒಳ ತಗಡು ಮೊದಲು, ಹೊರ ತಗಡು ಆಮೇಲೆ. ಫ್ಲೋರ್ ಮತ್ತು ಸಿಲ್ ಎರಡನ್ನೂ ಒಟ್ಟಿಗೆ ಕತ್ತರಿಸಬೇಡಿ.

ಹೊಂಗೆನೆರಳು

ತುಂಬಾ ಧನ್ಯವಾದ ಇಬ್ಬರಿಗೂ. ಮ್ಯಾಗ್ನೆಟ್ ಪರೀಕ್ಷೆ ಮಾಡಿದೆ, ಬಲ ಸಿಲ್‌ನಲ್ಲಿ ಮುಂದಿನ ಒಂದೂವರೆ ಅಡಿ ಹಿಡಿಯುತ್ತಲೇ ಇಲ್ಲ. ಎರಡೂ ಮಾಡಬೇಕು. ತಗಡು ಯಾವುದು ತರಬೇಕು, ಎಷ್ಟು?

ತಗಡುಸುತ್ತಿಗೆ

ಗಟ್ಟಿ ಇರುವ ಒಂದು ಜಾಗದಲ್ಲಿ ಬಣ್ಣ ಕೆರೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ, ಅದೇ ದಪ್ಪ ತನ್ನಿ. ಸಾಮಾನ್ಯವಾಗಿ ಫ್ಲೋರಿಗೆ 20 ಗೇಜ್, ಅಂದರೆ ಹೆಚ್ಚುಕಮ್ಮಿ 0.9 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಸರಿ. ಸಿಲ್‌ನ ಒಳ ತಗಡಿಗೆ, ಸ್ಪ್ರಿಂಗ್ ಹಿಡಿಕೆ ಕೂರುವ ಜಾಗಕ್ಕೆ 18 ಗೇಜ್, 1.2 ಮಿ.ಮೀ. ಸಾಕು. ದಪ್ಪ ಇದ್ದರೆ ಗಟ್ಟಿ ಅಂತ 16 ಗೇಜ್ ಹಾಕಬೇಡಿ. ತೆಳು ತಗಡಿನ ಪಕ್ಕ ದಪ್ಪ ತಗಡು ಬೆಸೆದರೆ ಗಾಡಿ ಓಡುವಾಗ ಬಳುಕುವುದೆಲ್ಲ ಬೆಸುಗೆಯ ಅಂಚಿನಲ್ಲೇ ಆಗಿ, ಅಲ್ಲೇ ಬಿರುಕು ಬಿಡುತ್ತೆ.

8 ಅಡಿಗೆ 4 ಅಡಿಯ 20 ಗೇಜ್ ಶೀಟು ಸುಮಾರು 21 ಕೆ.ಜಿ. ತೂಗುತ್ತೆ. ನೀವು ಬರೆದ ಸ್ಥಿತಿಗೆ ಅದು ಒಂದು, 18 ಗೇಜಿನದು ಅರ್ಧ ಸಾಕು. ಜಿಐ ಶೀಟ್ ತರಬೇಡಿ. ಅದರ ಮೇಲಿನ ಸತು ವೆಲ್ಡಿಂಗಿನಲ್ಲಿ ಹೊಗೆಯಾಗಿ ಎದೆಗೆ ಹೋದರೆ ಚಳಿಜ್ವರ ಬರುತ್ತೆ, ಬೆಸುಗೆಯೂ ಗುಳ್ಳೆ ಗುಳ್ಳೆ.

ಸಿಲ್ ಬಗ್ಗಿಸೋಕೆ ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಶೀಟ್ ಬೆಂಡಿಂಗ್ ಮಾಡುವ ವರ್ಕ್‌ಶಾಪಿಗೆ ಹೋಗಿ. ಕತ್ತರಿಸುವ ಮುಂಚೆಯೇ ಹಳೇ ಸಿಲ್‌ನ ಅಡ್ಡ ಆಕಾರ ರಟ್ಟಿನಲ್ಲಿ ತೆಗೆದುಕೊಳ್ಳಿ, ಮೂರು ಕಡೆ: ಮುಂದೆ, ನಡುವೆ, ಹಿಂದೆ. ದಪ್ಪ ಕ್ಯಾಲೆಂಡರ್ ರಟ್ಟು ಇದಕ್ಕೆ ಚೆನ್ನ. ಮೂಲ ತಗಡು ಎರಡು ಮಡಿಕೆ ಇದ್ದ ಕಡೆ ಎರಡೂ ಮಡಿಕೆ ಹಾಕಿಸಿ, ಸುಲಭ ಅಂತ ಒಂದಕ್ಕೆ ಇಳಿಸಬೇಡಿ. ಶಕ್ತಿ ಇರುವುದೇ ಮಡಿಕೆಯಲ್ಲಿ.

ಮಿಗ್‌ಮೇಷ್ಟ್ರು

ವೆಲ್ಡಿಂಗ್ ವಿಷಯ. ಕಡ್ಡಿ ವೆಲ್ಡಿಂಗ್ ಮರೆತುಬಿಡಿ, 0.9 ಮಿ.ಮೀ. ತಗಡಿಗೆ ತೂತು ಗ್ಯಾರಂಟಿ. ಮಿಗ್‌ನಲ್ಲಿ 0.6 ಅಥವಾ 0.8 ಮಿ.ಮೀ. ವೈರ್. ಗ್ಯಾಸ್: ಬರೀ ಕಾರ್ಬನ್ ಡೈಆಕ್ಸೈಡ್‌ನಲ್ಲೂ ಆಗುತ್ತದೆ, ಆದರೆ ಕಿಡಿ ಜಾಸ್ತಿ, ಶಾಖ ಒರಟು. ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20 ಬೆರಕೆ ಸಿಲಿಂಡರ್ ತೆಳು ತಗಡಿಗೆ ಬಹಳ ಸೌಮ್ಯ. ಹರಿವು ನಿಮಿಷಕ್ಕೆ 8ರಿಂದ 10 ಲೀಟರ್. ಫ್ಯಾನ್ ಆರಿಸಿ, ಗಾಳಿ ಬೀಸಿದರೆ ಗ್ಯಾಸ್ ಚದುರಿ ಬೆಸುಗೆ ಸ್ಪಂಜಿನ ಹಾಗೆ ಆಗುತ್ತದೆ.

ಮನೆಯಲ್ಲಿ 16 ಆಂಪ್ ಪಾಯಿಂಟ್‌ನಿಂದಲೇ ಕೊಡಿ. 6 ಆಂಪ್ ಪಾಯಿಂಟಿಗೆ ಉದ್ದನೆಯ ತೆಳು ಎಕ್ಸ್‌ಟೆನ್ಷನ್ ಹಾಕಿದರೆ ವೋಲ್ಟೇಜ್ ಇಳಿದು ಆರ್ಕ್ ತಡವರಿಸುತ್ತದೆ, ವೈರ್ ಬಿಸಿಯಾಗುತ್ತದೆ.

ಕೊಳೆತ ಜಾಗದ ಅಂಚಿನಿಂದ ಕನಿಷ್ಠ 25 ಮಿ.ಮೀ. ಆಚೆಗೆ, ಎರಡೂ ಕಡೆ ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ. ತುಕ್ಕಿನ ಪಕ್ಕದಲ್ಲಿ ಕಾಗದದಷ್ಟು ತೆಳುವಾದ ತಗಡಿರುತ್ತದೆ, ಅದಕ್ಕೆ ಬೆಸೆಯಲು ಹೋದರೆ ಕರಗಿ ತೂತು ದೊಡ್ಡದಾಗುತ್ತಲೇ ಹೋಗುತ್ತದೆ. ತುಂಡಿನ ಮೂಲೆಗಳನ್ನು ಒಂದು ರೂಪಾಯಿ ನಾಣ್ಯ ಇಟ್ಟು ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಶಾಖ ಸೇರಿ ಬಿರುಕು ಹುಟ್ಟುತ್ತದೆ.

ಎರಡು ಅಂಚಿನ ನಡುವೆ ಅರ್ಧದಿಂದ ಒಂದು ಮಿ.ಮೀ. ಸಂದು ಬಿಡಿ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಯಿರಿ, ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ, ಶಾಖವನ್ನೂ ಹೀರುತ್ತದೆ. ನಾಲ್ಕು ಮೂಲೆಗೆ ಒಂದೊಂದು ಟ್ಯಾಕ್. ಆಮೇಲೆ 25 ಮಿ.ಮೀ.ಗೊಂದು, ಎದುರು ಬದುರು ಜಿಗಿಯುತ್ತಾ. ಬೆರಳಿಟ್ಟರೆ ಸುಡದಷ್ಟು ಆರಿದ ಮೇಲೆ ಮಾತ್ರ ನಡುವಿನ ಜಾಗ. ಟ್ಯಾಕ್ ಹಾಕಿದ ಮೇಲೆ ಸುತ್ತ ನೀಲಿ ಬಳೆ ಮೂಡುತ್ತದಲ್ಲ, ಅದು ಕಿರುಬೆರಳಿನ ಉಗುರಷ್ಟೇ ಇದ್ದರೆ ಶಾಖ ಸರಿ. ಬಳೆ ಪಕ್ಕದ ಟ್ಯಾಕಿನ ಬಳೆಗೆ ತಾಗಿದರೆ ಅವಸರ ಮಾಡುತ್ತಿದ್ದೀರಿ, ನಿಲ್ಲಿಸಿ. ಸಾಲಾಗಿ ಎಳೆದುಕೊಂಡು ಹೋಗುವ ಬೆಸುಗೆ ಚೌಕ ಪೈಪಿಗೆ, ಕಾರಿಗಲ್ಲ.

ಕಾರ್ಖಾನೆಯ ಸ್ಪಾಟ್ ವೆಲ್ಡ್ ಬಿಡಿಸಲು 8 ಮಿ.ಮೀ. ಸ್ಪಾಟ್ ಕಟರ್ ಬಳಸಿ, ಮೇಲಿನ ಪದರ ಮಾತ್ರ ಕತ್ತರಿಸಿ. ಹೊಸ ತಗಡಿನ ಅಂಚಿಗೆ 6ರಿಂದ 8 ಮಿ.ಮೀ. ತೂತುಗಳನ್ನು 30ರಿಂದ 40 ಮಿ.ಮೀ. ಅಂತರದಲ್ಲಿ ಕೊರೆದು, ತೂತಿನ ನಡುವಿನಿಂದ ಶುರು ಮಾಡಿ ಹೊರಕ್ಕೆ ಸುತ್ತಿ ತುಂಬಿ. ಮಡಿಕೆ ಒಳಗೆ ಬೀಳುವ ಎರಡೂ ಮುಖಕ್ಕೆ ಮೊದಲೇ ಸತುವಿನ ವೆಲ್ಡಿಂಗ್ ಪ್ರೈಮರ್ ಬಳಿಯಿರಿ, ಆಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಈ ಪ್ರೈಮರಿನಲ್ಲೂ ಸತು ಇದೆ. ಹಾಗಾಗಿ ತೆಳುವಾಗಿ ಬಳಿದು, ತೂತಿನ ಒಳಗೆ ಬಿದ್ದದ್ದನ್ನು ಕೆರೆದು, ಶೆಡ್ಡಿನ ಬಾಗಿಲು ತೆರೆದಿಟ್ಟು ಬೆಸೆಯಿರಿ.

ಕಲಾಸಿಪಾಳ್ಯಟಿಂಕರ್

ಮೇಷ್ಟ್ರೇ, ಗ್ಯಾಸ್ ವೆಲ್ಡಿಂಗನ್ನ ಪೂರ್ತಿ ಬಿಟ್ಬಿಟ್ರಲ್ಲ. ಹೊರ ಪ್ಯಾನಲ್‌ಗೆ, ಅಂದ್ರೆ ಮಡ್‌ಗಾರ್ಡ್, ಬಾಗಿಲ ಹೊರ ತಗಡಿಗೆ ಗ್ಯಾಸೇ ಮೇಲು. ಮಿಗ್ ಬೆಸುಗೆ ಗಟ್ಟಿ, ಸುತ್ತಿಗೆ ಏಟಿಗೆ ಬಗ್ಗಲ್ಲ, ಸೀಳುತ್ತೆ. ಗ್ಯಾಸ್ ಬೆಸುಗೆ ಮೆತ್ತಗಿರುತ್ತೆ. ಹಿಂದೆ ಡಾಲಿ (ಕೈಯಲ್ಲಿ ಹಿಡಿಯೋ ಕಬ್ಬಿಣದ ಗಟ್ಟಿ) ಹಿಡಿದು ಮುಂದೆ ಸುತ್ತಿಗೆಯಲ್ಲಿ ತಟ್ಟಿದ್ರೆ ಬೆಸುಗೆ ಹಿಗ್ಗಿ ತಗಡು ಮತ್ತೆ ಸಮಕ್ಕೆ ಬರುತ್ತೆ. ಹಿತ್ತಾಳೆ ಬೆಸುಗೆ ಮಾತ್ರ ಭಾರ ಹೊರೋ ಜಾಗಕ್ಕೆ ಹಾಕ್ಬಾರ್ದು. ಅದರ ಫ್ಲಕ್ಸ್ ಉಳಿದ್ರೆ ಅದೇ ತುಕ್ಕಿಗೆ ಬೀಜ.

ಮಿಗ್‌ಮೇಷ್ಟ್ರು

ಒಪ್ಪಿದೆ ಅಣ್ಣಾ, ಆದರೆ ಅದು ಕೈ ಪಳಗಿದವರಿಗೆ. ಹೊಸಬರ ಕೈಯಲ್ಲಿ ಗ್ಯಾಸ್ ಜ್ವಾಲೆ ಅಗಲಕ್ಕೆ ಶಾಖ ಹರಡಿ ಪ್ಯಾನಲ್ ಅಲೆ ಅಲೆ ಆಗುತ್ತದೆ. ಇವರು ಫ್ಲೋರ್, ಸಿಲ್ ಮಿಗ್‌ನಲ್ಲಿ ತಾವೇ ಮಾಡಿಕೊಳ್ಳಲಿ. ಮಡ್‌ಗಾರ್ಡ್, ಬಾಗಿಲು ಹಳೇ ಟಿಂಕರ್ ಒಬ್ಬರ ಕೈಗೆ ಕೊಡಲಿ. ಅವರ ಪಕ್ಕದಲ್ಲಿ ನಿಂತು ಡಾಲಿ ಹಿಡಿಯುವುದನ್ನು ನೋಡುವುದೇ ಒಂದು ಪಾಠ.

ಬಣ್ಣದಕೋಣೆ

ಬ್ಲಾಸ್ಟಿಂಗ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಇಡೀ ಬಾಡಿ ಕೊಡಬೇಡಿ. ಒರಟು ಮರಳು, ಹೆಚ್ಚು ಒತ್ತಡ ಬಾನೆಟ್ ಮೇಲೆ ಬಿದ್ದರೆ ಕಣದ ಏಟಿಗೆ ಒಂದು ಮುಖ ಹಿಗ್ಗಿ ಪ್ಯಾನಲ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅದನ್ನು ಮತ್ತೆ ನೇರ ಮಾಡುವುದು ಹೆಚ್ಚುಕಮ್ಮಿ ಅಸಾಧ್ಯ. ಸಸ್ಪೆನ್ಷನ್ ತೋಳು, ಚಕ್ರ, ಅಡ್ಡತೊಲೆ, ಫ್ಲೋರ್‌ನ ಕೆಳಭಾಗ ಬ್ಲಾಸ್ಟಿಂಗ್‌ಗೆ ಸರಿ. ಪೀಣ್ಯದಲ್ಲಿ ಈ ಕೆಲಸ ಮಾಡುವ ಘಟಕಗಳು ಬಹಳ. ಹೊರ ಪ್ಯಾನಲ್ ಕೊಡಲೇಬೇಕಿದ್ದರೆ ಸಣ್ಣ ಗಾರ್ನೆಟ್, 30–40 ಪಿಎಸ್ಐ, ನಳಿಕೆ ಓರೆಯಾಗಿ ಹಿಡಿಯಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಮನೆಯಲ್ಲಿ ನದಿ ಮರಳು ಬಳಸಿ ಬ್ಲಾಸ್ಟಿಂಗ್ ಮಾಡಲೇಬೇಡಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ವಾಪಸ್ ಬರುವುದಿಲ್ಲ.

ಸಣ್ಣ ಬಿಡಿಭಾಗಕ್ಕೆ ನಮ್ಮ ಕಡೆಯದೇ ಒಂದು ಒಳ್ಳೆಯ ದಾರಿ ಕಾಕಂಬಿ. ಪಶು ಆಹಾರದ ಅಂಗಡಿಯಲ್ಲಿ ಕೇಳಿ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮು. ಹಿಂಜ್, ಬ್ರಾಕೆಟ್, ಜ್ಯಾಕ್, ಸೀಟ್ ರೈಲು ಪೂರ್ತಿ ಮುಳುಗಬೇಕು. ಒಂದರಿಂದ ಮೂರು ವಾರ. ಅದು ತುಕ್ಕನ್ನು ಮಾತ್ರ ಹಿಡಿದು ಕರಗಿಸುತ್ತದೆ, ಒಳ್ಳೆಯ ಕಬ್ಬಿಣಕ್ಕೆ ಹೆಚ್ಚು ತೊಂದರೆ ಕೊಡುವುದಿಲ್ಲ. ಅಲ್ಯೂಮಿನಿಯಂ ಹಾಗೂ ಮಜಾಕ್ (ಸತುವಿನ ಮಿಶ್ರಲೋಹ) ಎರಕದ ಭಾಗ, ಅಂದರೆ ಬಾಗಿಲ ಹಿಡಿ, ಕಾರ್ಬುರೇಟರ್ ಹಾಕಬೇಡಿ, ತಿಂದುಬಿಡುತ್ತದೆ. ಹುಳಿ ವಾಸನೆ ಬರುತ್ತದೆ, ಮುಚ್ಚಳ ಸಡಿಲವಾಗಿರಲಿ.

ಬೇಗ ಬೇಕಿದ್ದರೆ ವಿದ್ಯುತ್ ವಿಧಾನ. ಲೀಟರ್ ನೀರಿಗೆ ಸುಮಾರು 5 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಉಪ್ಪು ಅಲ್ಲ, ಅದರಿಂದ ಕ್ಲೋರಿನ್ ಹೊರಡುತ್ತದೆ. 12 ವೋಲ್ಟ್ ಚಾರ್ಜರಿನ ಮೈನಸ್ ತುಕ್ಕಿನ ಭಾಗಕ್ಕೆ, ಪ್ಲಸ್ ಹಳೆಯ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸರಳಿನ ಬದಲು ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಇಡಬೇಡಿ. ಅದರ ಕ್ರೋಮಿಯಂ ನೀರಿಗೆ ಇಳಿದು ವಿಷವಾಗುತ್ತದೆ. ಹೈಡ್ರೋಜನ್ ಗುಳ್ಳೆ ಬರುವುದರಿಂದ ಬಯಲಲ್ಲಿ ಇಡಿ, ಕ್ಲಿಪ್ ತೆಗೆಯುವ ಮುಂಚೆ ಸ್ವಿಚ್ ಆರಿಸಿ. ಸ್ಪ್ರಿಂಗ್, ಸ್ಟೇರಿಂಗ್ ಬೋಲ್ಟ್‌ಗಳಿಗೆ ಈ ವಿಧಾನ ಬೇಡ, ಹೈಡ್ರೋಜನ್ ಸೇರಿ ಗಡುಸು ಉಕ್ಕು ಪೆಳಸಾಗುತ್ತದೆ.

ಬಾಡಿಯ ಮೇಲೆ ಉಳಿದ ಚುಕ್ಕಿ ತುಕ್ಕಿಗೆ ಫಾಸ್ಫಾರಿಕ್ ಆಸಿಡ್. 85 ಪ್ರತಿಶತದ್ದು ತಂದರೆ ಒಂದು ಪಾಲಿಗೆ ಎಂಟು ಪಾಲು ನೀರು, ಸುಮಾರು 15 ಪ್ರತಿಶತಕ್ಕೆ ಬರುತ್ತದೆ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡಿಗೆ ನೀರಲ್ಲ. ಕನ್ನಡಕ, ರಬ್ಬರ್ ಗ್ಲೌಸ್ ಕಡ್ಡಾಯ. ಮಡಿಕೆಯೊಳಗೆ ಇಳಿಯಬಾರದು. ಇಳಿದರೆ ಒಣಗದೆ ಒಳಗೇ ಕೂತು ಆಮೇಲೆ ಬಣ್ಣದ ಕೆಳಗಿನಿಂದ ಒಸರುತ್ತದೆ. ಕೊನೆಗೆ ಚೆನ್ನಾಗಿ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ, 80 ನಂಬರ್ ಪೇಪರಿನಲ್ಲಿ ಉಜ್ಜಿ. ಆಸಿಡ್ ಪದರ ಉಳಿದರೆ ಮೇಲೆ ಬರುವ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ.

ಹೊಂಗೆನೆರಳು

ಮೇಡಂ, ರೆಡ್ ಆಕ್ಸೈಡ್ ಹೊಡೆದು ಬಿಟ್ಟರೆ ಸಾಲದಾ? ಅಂಗಡಿಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ.

ಬಣ್ಣದಕೋಣೆ

ಕಿಟಕಿ ಸರಳಿಗೆ ಸಾಕು, ಕಾರಿಗೆ ಸಾಲದು. ಸಾಮಾನ್ಯ ರೆಡ್ ಆಕ್ಸೈಡ್ ಪ್ರೈಮರ್ ಸೂಕ್ಷ್ಮವಾಗಿ ನೀರು ಕುಡಿಯುತ್ತದೆ. ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ನೀರು ಹಾಕಿ ವಾಟರ್ ಪೇಪರ್ ಉಜ್ಜುವುದು ನಮ್ಮ ಊರಿನ ಅಭ್ಯಾಸ. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನಂಥದ್ದು. ಆ ನೀರು ಪುಟ್ಟಿಯೊಳಗೆ ಇಳಿದು ತಗಡು ಮುಟ್ಟುತ್ತದೆ, ಮೇಲೆ ಬಣ್ಣ ಬಿದ್ದು ಸೀಲ್ ಆಗುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತವೆ. ಹೊಸ ಬಣ್ಣದ ಗಾಡಿಗಳಲ್ಲಿ ಕಾಣುವ ಗುಳ್ಳೆಗಳಲ್ಲಿ ಬಹಳಷ್ಟರ ಕಥೆ ಇಷ್ಟೇ.

ಬರಿ ತಗಡಿಗೆ ಎರಡು ಭಾಗದ ಎಪಾಕ್ಸಿ ಪ್ರೈಮರ್, ಎರಡು ಕೋಟ್. ಒಳಗೂ ಹೊರಗೂ ಸೇರಿ ಈ ಗಾಡಿಗೆ 4 ಲೀಟರ್ ಹತ್ತಿರ ಬೇಕಾಗುತ್ತದೆ. ಪುಟ್ಟಿ ಬರುವುದು ಎಪಾಕ್ಸಿಯ ಮೇಲೆ, ಡಬ್ಬದಲ್ಲಿ ಹೇಳಿರುವ ಅವಧಿಯೊಳಗೆ. ಅವಧಿ ದಾಟಿದರೆ ಉಜ್ಜಿ ಒರಟು ಮಾಡಿಕೊಳ್ಳಬೇಕು. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್. ಬೇಗ ಒಣಗಲಿ ಎಂದು ಜಾಸ್ತಿ ಹಾಕಿದರೆ ಅದರ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಇಳಿದು ಹಳದಿ ಕಲೆ ಕೊಡುತ್ತದೆ. ದಪ್ಪ 3 ಮಿ.ಮೀ. ಮೀರಬಾರದು, ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಸುತ್ತಿಗೆ ಕೆಲಸ ಬಾಕಿ ಇದೆ ಎಂದರ್ಥ. ಪುಟ್ಟಿಯನ್ನು ಒಣ ಪೇಪರಿನಲ್ಲೇ ಉಜ್ಜಿ, ಧೂಳಿಗೆ ಮಾಸ್ಕ್ ಹಾಕಿ. ಸರ್ಫೇಸರ್ (ಬಣ್ಣಕ್ಕೆ ಮುಂಚಿನ ಪ್ರೈಮರ್) ಬಿದ್ದ ಮೇಲೆ ಬೇಕಾದರೆ ನೀರು ಬಳಸಿ.

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬರಿ ತಗಡು ಸಂಜೆಗೆ ಬಿಟ್ಟರೆ ಬೆಳಿಗ್ಗೆ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಆ ತಿಂಗಳುಗಳಲ್ಲಿ ಒಂದು ದಿನದಲ್ಲಿ ಎಷ್ಟು ಪ್ರೈಮರ್ ಮಾಡಲಾಗುತ್ತದೋ ಅಷ್ಟೇ ತಗಡು ಕೆರೆಯಿರಿ. ಪ್ರೈಮರ್ ಹೊಡೆಯುವಾಗ ತಗಡಿನ ಉಷ್ಣಾಂಶ ಇಬ್ಬನಿ ಬೀಳುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಲೆಕ್ಕ ಬೇಡವೆಂದರೆ ಬಿಸಿಲು ಇರುವ ದಿನ, 11ರಿಂದ 4ರ ನಡುವೆ. ಅಂತಿಮ ಬಣ್ಣ ಜನವರಿಯಿಂದ ಏಪ್ರಿಲ್ ನಡುವೆ ಇಟ್ಟುಕೊಳ್ಳಿ. ಎರಡು ಭಾಗದ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆ ಶೆಡ್ಡಿನಲ್ಲಿ ಹೊಡೆಯುವ ಯೋಚನೆ ಬೇಡ. ಅದರ ಹಾರ್ಡನರಿನಲ್ಲಿ ಐಸೋಸಯನೇಟ್ ಇದೆ, ಬಟ್ಟೆ ಮಾಸ್ಕ್ ಯಾವ ಉಪಯೋಗಕ್ಕೂ ಬರುವುದಿಲ್ಲ, ಹೊರಗಿನ ಗಾಳಿ ಕೊಡುವ ಮಾಸ್ಕೇ ಬೇಕು. ಬಣ್ಣ ಹೊಡೆಯುವ ಬೂತ್ ಇರುವ ಕಡೆ ಕೊಡಿ.

ಹೊಂಗೆನೆರಳು

ಎಡ ಸಿಲ್ ಹೊರ ತಗಡು ಟ್ಯಾಕ್ ಆಯಿತು. ಎರಡು ತೊಂದರೆ. ಹಿಂದಿನ ಬಾಗಿಲು ಲಾಕ್ ಕಡೆ ಮೇಲೆ ತಾಗುತ್ತಿದೆ, ಕೆಳಗೆ ಸಂದು 7 ಮಿ.ಮೀ. ಇದೆ. ಇನ್ನೊಂದು, ಮುಂದಿನ ಕಂಬದ ಬುಡದಲ್ಲಿ ಟ್ಯಾಕ್ ಹಾಕಿದ ಕಡೆಯೆಲ್ಲ ಪಟಪಟ ಸಿಡಿದು ತೂತಾಗುತ್ತಿದೆ. ಬೇರೆ ಕಡೆ ಹಾಗಾಗುತ್ತಿಲ್ಲ.

ಮಿಗ್‌ಮೇಷ್ಟ್ರು

ಎರಡನೆಯದಕ್ಕೆ ಮೊದಲು ಉತ್ತರ. ಸಿಡಿಯುವುದು ಹಿಂದಿನ ಮುಖದಲ್ಲಿ ಕೊಳಕು ಇರುವುದರಿಂದ. ಕಂಬದ ಒಳಗೆ ತುಕ್ಕು, ಹಳೇ ಡಾಂಬರು, ಎಣ್ಣೆ ಇದೆ. ಮುಂಭಾಗ ಎಷ್ಟು ಹೊಳೆಯುವ ಹಾಗೆ ಉಜ್ಜಿದರೂ ಪ್ರಯೋಜನವಿಲ್ಲ. ಅದರ ಜೊತೆಗೆ ಅಲ್ಲಿ ತಗಡು ತೆಳುವಾಗಿದೆ. ಕತ್ತರಿಸಿದ ಗೆರೆಯನ್ನು ಇನ್ನೂ 30 ಮಿ.ಮೀ. ಮೇಲಕ್ಕೆ ತೆಗೆದುಕೊಂಡು ಹೋಗಿ, ಒಳಗೆ ಬೆರಳು ಹಾಕಿ ಕೆರೆದು ನೋಡಿ. ತೂತುಗಳನ್ನು ವೈರಿನಿಂದ ತುಂಬುತ್ತಾ ಕೂರಬೇಡಿ, ಅದು ಬೆಸುಗೆಯಲ್ಲ, ಹೊಲಿಗೆ.

ಬಾಗಿಲು: ಮೇಲೆ ತಾಗಿ ಕೆಳಗೆ ಸಂದು ಬಿಟ್ಟಿದೆ ಅಂದರೆ ಸಿಲ್ ನಡುವಿನಲ್ಲಿ ಇಳಿದು ಕಂಬಗಳ ತಲೆ ಒಂದರ ಕಡೆಗೊಂದು ವಾಲಿದೆ. ನಿಮ್ಮ ಅಡ್ಡಪೈಪ್ ಟ್ಯಾಕ್ ಒಂದು ಬಿಟ್ಟಿರಬಹುದು, ನೋಡಿ. ಇನ್ನೂ ಟ್ಯಾಕ್ ಮಾತ್ರ ಆಗಿರುವುದು ಒಳ್ಳೆಯದಾಯಿತು. ನಡುವಿನ ಕಂಬದ ಆಸುಪಾಸಿನ ಟ್ಯಾಕ್‌ಗಳನ್ನು ತೆಳು ಕಟಿಂಗ್ ಡಿಸ್ಕಿನಲ್ಲಿ ಬಿಡಿಸಿ. ನಡುಕಂಬದ ಬುಡಕ್ಕೆ ಮರದ ಹಲಗೆ ಇಟ್ಟು ಜ್ಯಾಕಿನಲ್ಲಿ ಒಂದೊಂದೇ ಮಿ.ಮೀ. ಎತ್ತಿ. ಪ್ರತಿ ಸಲ ಬಾಗಿಲು ಹಾಕಿ ನೋಡಿ, ಕರ್ಣ ಅಳೆಯಿರಿ. ಸಂದು ಸುತ್ತ 4–5 ಮಿ.ಮೀ. ಬಂದಾಗ ಅರ್ಧ ಮಿ.ಮೀ. ಹೆಚ್ಚು ಎತ್ತಿ ಟ್ಯಾಕ್ ಮಾಡಿ, ಜ್ಯಾಕ್ ತೆಗೆದಾಗ ಅಷ್ಟು ಇಳಿಯುತ್ತದೆ. ಹಿಂಜ್ ಪಿನ್ ಸವೆದಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ತೆರೆದ ಬಾಗಿಲನ್ನು ಕೆಳಗಿನಿಂದ ಎತ್ತಿದರೆ ಲೊಡಲೊಡ ಅಂದರೆ ಪಿನ್ ಬದಲಿಸದೆ ಯಾವ ಅಳತೆಯೂ ನಂಬಲು ಬರುವುದಿಲ್ಲ.

ಜೆಸಿರಸ್ತೆ

ಬಿಡಿಭಾಗದ ಬಗ್ಗೆ ಚುಟುಕಾಗಿ. ಗಾಜಿನ ರಬ್ಬರ್, ಡೋರ್ ಬೀಡಿಂಗ್, ಬ್ರೇಕ್ ಕಿಟ್, ಬುಷ್ ಇವಕ್ಕೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ. ಹಳೇ ಬಾಗಿಲು, ಬಾನೆಟ್, ಕ್ರೋಮ್ ಪಟ್ಟಿಗೆ ಶಿವಾಜಿನಗರದ ಗುಜರಿ ಅಂಗಡಿಗಳು. ಹಳೇ ರಬ್ಬರ್ ಎಸೆಯದೆ ತುಂಡು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಡ್ಡ ಆಕಾರ ಹೋಲಿಸಿ ಕೊಳ್ಳಿ. ಫೋಟೋ ತೋರಿಸಿ ತಂದ ರಬ್ಬರ್ ಹತ್ತರಲ್ಲಿ ಒಂದೂ ಕೂರಲ್ಲ. ನಟ್ಟು ಬೋಲ್ಟ್ ಮೆಟ್ರಿಕ್, ಅಂಬಾಸಿಡರ್ ಡಬ್ಬದಿಂದ ಎತ್ತಿಕೊಂಡದ್ದನ್ನು ತುರುಕಬೇಡಿ, ಎಳೆ ಹೋಗುತ್ತೆ.

ಬ್ರೇಕ್ ಪೈಪ್ ಎಷ್ಟೇ ಚೆನ್ನಾಗಿ ಕಂಡರೂ ಪೂರ್ತಿ ಬದಲಿಸಿ. ಕ್ಲಿಪ್ ಕೆಳಗೆ ಕಾಣದ ಕಡೆ ತೆಳುವಾಗಿರುತ್ತೆ.

ಎಂಜಿನ್: ಪ್ಲಗ್ ತೆಗೆದು ನಾಲ್ಕೂ ತೂತಿಗೆ ಡೀಸೆಲ್, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಸಮ ಸಮ ಬೆರೆಸಿ ಹಾಕಿ ನಾಲ್ಕು ದಿನ ಬಿಡಿ. ಆಮೇಲೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ, ಒಂದೇ ದಿಕ್ಕಿಗೆ ಬಲ ಹಾಕಬೇಡಿ. ಮಿಸುಕದಿದ್ದರೆ ಹೆಡ್ ತೆಗೆಯಲೇಬೇಕು.

ಪೆಟ್ರೋಲ್ ಟ್ಯಾಂಕಿನ ಒಳ ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಲೀಟರ್ ನೀರಿಗೆ 50 ಗ್ರಾಂ, ತುಂಬಿ ಒಂದು ರಾತ್ರಿ. ಚೆಲ್ಲಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಬ್ಲೋವರ್‌ನಲ್ಲಿ ಒಣಗಿಸಿ, ತಕ್ಷಣ ಸ್ವಲ್ಪ ಎಣ್ಣೆ ಹಾಕಿ ಒಳಗೆಲ್ಲ ಸವರುವ ಹಾಗೆ ಆಡಿಸಿ. ಈಗ ಬಂಕಿನಲ್ಲಿ ಬರೋದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ಅದು ನೀರು ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನ ಊದಿಸುತ್ತೆ. ಪೈಪು, ಪಂಪಿನ ಡಯಾಫ್ರಾಮು ವೈಟಾನ್ (ಎಥನಾಲ್ ತಡೆಯುವ ರಬ್ಬರ್) ನದ್ದು ಹಾಕಿ. ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಆರ್‌ಸಿಪುಸ್ತಕ

ಕತ್ತರಿಸುವ ಭರದಲ್ಲಿ ಚಾಸಿ ನಂಬರ್ ಹೊಡೆದಿರುವ ತಗಡಿನ ಹತ್ತಿರ ಗ್ರೈಂಡರ್ ತರಬೇಡಿ. ಅಲ್ಲಿ ತುಕ್ಕಿದ್ದರೆ ಕೈಯಿಂದ ಸಣ್ಣ ಬ್ರಷ್ಷಿನಲ್ಲಿ ತೆಗೆದು, ಮೇಲೆ ಪಾರದರ್ಶಕ ಲ್ಯಾಕರ್ ಬಳಿಯಿರಿ. ಪೆನ್ಸಿಲ್ ಉಜ್ಜಿ ಕಾಗದದಲ್ಲಿ ಅಚ್ಚು ತೆಗೆದಿಡಿ. ಆ ನಂಬರ್ ಓದಲು ಬಾರದಿದ್ದರೆ ಆರ್‌ಟಿಒ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ.

2021ರ ಜುಲೈನಲ್ಲಿ ಕೇಂದ್ರ ಹೊರಡಿಸಿದ ವಿಂಟೇಜ್ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ "ವಿಎ" ಅಕ್ಷರದ ಪ್ರತ್ಯೇಕ ನಂಬರ್ ಸರಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಆದರೆ ನಿತ್ಯ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನಿಮ್ಮ ಗಾಡಿಗೆ 50 ತುಂಬುವುದು 2028ರಲ್ಲಿ. ಅಲ್ಲಿಯವರೆಗೆ ಸಾಮಾನ್ಯ ಆರ್‌ಸಿ ನವೀಕರಣ, ಫಾರಂ 25. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು, ಹಾಗಾಗಿ ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸುವುದು ಸುಲಭ.

ಹೊಂಗೆನೆರಳು

ಬಾಗಿಲು ಕೂತಿತು, ಸುತ್ತ 4.5 ಮಿ.ಮೀ. ಸಂದು. ಅಡ್ಡಪೈಪಿನ ಟ್ಯಾಕ್ ಬಿಟ್ಟಿದ್ದು ನಿಜ. ಎರಡೂ ಸಿಲ್, ಫ್ಲೋರ್ ಮುಗಿದು ಎಪಾಕ್ಸಿ ಆದ ಮೇಲೆ ಸಿಲ್ ಒಳಗೆ ಏನು ಹಾಕಬೇಕು? ಕೆಲವರು ಹಳೇ ಎಂಜಿನ್ ಆಯಿಲ್ ಅನ್ನುತ್ತಾರೆ, ಕೆಲವರು ಫೋಮ್ ತುಂಬಿಸಿ ಅನ್ನುತ್ತಾರೆ.

ತಗಡುಸುತ್ತಿಗೆ

ಫೋಮ್ ಹಾಕಿದರೆ ಇಷ್ಟು ದಿನ ಮಾಡಿದ್ದೆಲ್ಲ ಹೋಯ್ತು ಸರ್. ಫೋಮಿಗೂ ತಗಡಿಗೂ ನಡುವೆ ಕೂದಲೆಳೆ ಸಂದು ಇದ್ದೇ ಇರುತ್ತೆ, ಅಲ್ಲಿಗೆ ಹೋದ ನೀರಿಗೆ ಹೊರಗೆ ಬರೋಕೆ ದಾರಿ ಇರಲ್ಲ. ಹಳೇ ಎಂಜಿನ್ ಆಯಿಲಿನಲ್ಲಿ ಆಮ್ಲ ಸೇರಿರುತ್ತೆ, ಇಳಿದು ಹೋಗುತ್ತೆ, ಪಕ್ಕದ ರಬ್ಬರನ್ನೂ ಕೆಡಿಸುತ್ತೆ.

ಕ್ಯಾವಿಟಿ ವ್ಯಾಕ್ಸ್ ತಗೊಳ್ಳಿ, ಟೊಳ್ಳು ತಗಡಿನ ಒಳಗೆ ಸಿಂಪಡಿಸುವ ಮೇಣ. ಉದ್ದ ನಳಿಕೆಯ ತುದಿಯಲ್ಲಿ ಸುತ್ತಲೂ ಸಿಂಪಡಿಸುವ ತೂತುಗಳಿರಬೇಕು. ನಳಿಕೆ ಸಿಲ್‌ನ ಕೊನೆವರೆಗೆ ತೂರಿಸಿ, ಒತ್ತುತ್ತಾ ನಿಧಾನವಾಗಿ ಹಿಂದಕ್ಕೆ ಎಳೀರಿ. ಮಡಿಕೆ ಸಂದಿನಿಂದ ಹೊರಗೆ ಒಸರಿದರೆ ತಲುಪಿದೆ ಅಂತ ಅರ್ಥ. ವಾರ ಬಿಟ್ಟು ಇನ್ನೊಂದು ಸಲ. ಬಿಸಿಲಿರೋ ಮಧ್ಯಾಹ್ನ ಮಾಡಿದರೆ ವ್ಯಾಕ್ಸ್ ಚೆನ್ನಾಗಿ ಹರಿಯುತ್ತೆ. ಬಾಗಿಲೊಳಗೆ ಕೆಳ ಅಂಚಿನ ಮಡಿಕೆಗೂ ಹೀಗೇ. ವ್ಯಾಕ್ಸ್ ಹಾಕೋದು ಬೂತಿನಿಂದ ಬಣ್ಣ ಆಗಿ ಬಂದ ಮೇಲೆ, ಮುಂಚೆ ಹಾಕಿದರೆ ಬಣ್ಣ ಹೊಡೆಯುವಾಗ ಒಸರಿ ಮೀನಿನ ಕಣ್ಣಿನ ಹಾಗೆ ಗುಂಡಿ ಬೀಳುತ್ತೆ. ಮತ್ತೆ ಎಲ್ಲಾದರೂ ವೆಲ್ಡಿಂಗ್ ಬಾಕಿ ಇದ್ದರೆ ಬೆಂಕಿ ಹತ್ತುತ್ತೆ.

ಕೆಳಭಾಗಕ್ಕೆ ಡಾಂಬರು ದಪ್ಪಗೆ ಬಳಿಸಬೇಡಿ. ಒಣಗಿ ಬಿರುಕು ಬಿಟ್ಟ ಮೇಲೆ ನೀರನ್ನ ಒಳಗೇ ಹಿಡಿಯುತ್ತೆ. ಎಪಾಕ್ಸಿ, ಮಡಿಕೆಗಳಿಗೆ ಪಿಯು ಸೀಲಂಟ್, ಅದರ ಮೇಲೆ ಕಲ್ಲೇಟು ತಡೆಯುವ ತೆಳು ಕೋಟಿಂಗ್ ಸಾಕು.

ಹೊಂಗೆನೆರಳು

ಹಳೇ ಸಿಲ್‌ನಲ್ಲಿ ಕೆಳಗೆ ತೂತುಗಳಿದ್ದವು. ಅವು ತುಕ್ಕಿನದಾ, ಮೊದಲಿಂದ ಇದ್ದದ್ದಾ ಗೊತ್ತಾಗಲಿಲ್ಲ, ಹೊಸದರಲ್ಲಿ ಬಿಟ್ಟಿಲ್ಲ.

ತಗಡುಸುತ್ತಿಗೆ

ಈಗಲೇ ಕೊರೆಯಿರಿ, ವ್ಯಾಕ್ಸಿಗೆ ಮುಂಚೆ. ಸಿಲ್‌ನ ಅತಿ ತಗ್ಗಿನ ಗೆರೆಯಲ್ಲಿ ಮುಂದೆ ಒಂದು, ನಡುವೆ ಒಂದು, ಹಿಂದೆ ಒಂದು, 8ರಿಂದ 10 ಮಿ.ಮೀ. ತೂತು. ಗಾಡಿ ಚಕ್ರದ ಮೇಲೆ ನಿಂತಾಗ ಎಲ್ಲಿ ತಗ್ಗೋ ಅಲ್ಲಿ, ಸ್ಟ್ಯಾಂಡ್ ಮೇಲೆ ನೋಡಿ ಗುರುತು ಹಾಕಬೇಡಿ. ಕೊರೆದ ಅಂಚನ್ನ ಅರದಿಂದ ಉಜ್ಜಿ ಎಪಾಕ್ಸಿ ಎರಡು ಸಲ ಬ್ರಷ್ಷಿನಲ್ಲಿ ಮುಟ್ಟಿಸಿ. ಆಮೇಲೆ ಮೇಲಿನ ತೂತಿನಿಂದ ಒಂದು ಲೋಟ ನೀರು ಅಳೆದು ಹಾಕಿ, ಕೆಳಗೆ ಪಾತ್ರೆ ಇಟ್ಟು ಹಿಡಿದು ಮತ್ತೆ ಅಳೆಯಿರಿ. ಕಮ್ಮಿ ಬಂದರೆ ಎಲ್ಲೋ ನಿಲ್ಲುತ್ತಿದೆ, ಆ ಜಾಗ ಹುಡುಕಿ ಇನ್ನೊಂದು ತೂತು. ಅಷ್ಟೇ ವಾಪಸ್ ಬಂತು ಅಂದರೆ ಬ್ಲೋವರ್ ಹಿಡಿದು ಪೂರ್ತಿ ಒಣಗಿಸಿ, ಗಾಡಿ ಬೂತಿಗೆ ಕಳಿಸಿ.